ಬುಡ ಕಾಣದ ಬೆಂಕಿ: ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ 15 ನಿಮಿಷ

ಕಾರ್ಖಾನೆ, ಆಫೀಸುಗಳಲ್ಲಿ ಫೈರ್ ಸೇಫ್ಟಿ ತರಬೇತಿ ಕೊಡುವುದು ನನ್ನ ಕೆಲಸ. ಹೋದ ಕಡೆಯೆಲ್ಲ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: "ಆ ಗೋಡೆಗೆ ನೇತು ಹಾಕಿದ್ದಾರಲ್ಲ ಕೆಂಪು ಸಿಲಿಂಡರ್, ಅದನ್ನು ಯಾವಾಗ ಬಳಸಬಾರದು?" ಹೇಗೆ ಬಳಸಬೇಕು ಅಂತ ಕೇಳಿದರೆ ಒಂದಿಬ್ಬರಾದರೂ ಕೈ ಎತ್ತುತ್ತಾರೆ. ಯಾವಾಗ ಬಳಸಬಾರದು ಅಂದರೆ ಎಲ್ಲರೂ ಸುಮ್ಮನಾಗಿಬಿಡುತ್ತಾರೆ. ಅದಕ್ಕೆ ಉತ್ತರ ಹೇಳೋಕೆ ನನಗೆ ಪ್ರತಿ ಸಲವೂ 1987ರ ನವೆಂಬರ್ 18ರ ಬುಧವಾರ ಸಂಜೆಯ ಲಂಡನ್ ಬೇಕಾಗುತ್ತದೆ.

ಅವತ್ತು ಕಿಂಗ್ಸ್ ಕ್ರಾಸ್ ಎಂಬ ನೆಲದಡಿಯ ರೈಲು ನಿಲ್ದಾಣದಲ್ಲಿ 31 ಜನ ಸತ್ತರು. ಸುಮಾರು 100 ಜನ ಆಸ್ಪತ್ರೆ ಸೇರಿದರು. ಬಾಂಬ್ ಅಲ್ಲ, ರೈಲು ಡಿಕ್ಕಿ ಅಲ್ಲ. ಎಸ್ಕಲೇಟರ್ ಕೆಳಗೆ ಹತ್ತಿಕೊಂಡ ಒಂದು ಸಣ್ಣ ಬೆಂಕಿ. ಬೆಂಕಿ ಇದೆ ಅಂತ ಮೊದಲ ಪ್ರಯಾಣಿಕರು ಬಂದು ಹೇಳಿದ್ದು ಸಂಜೆ 7:30ರ ಸುಮಾರಿಗೆ. ಟಿಕೆಟ್ ಹಾಲ್ ಪೂರ್ತಿ ಭುಗಿಲ್ಲೆಂದದ್ದು 7:45ಕ್ಕೆ. ನಡುವೆ 15 ನಿಮಿಷ. ಆ 15 ನಿಮಿಷದಲ್ಲಿ ಬೆಂಕಿಯ ಮೇಲೆ ಒಂದು ಹನಿ ನೀರೂ ಬೀಳಲಿಲ್ಲ. ಅಲ್ಲಿ ಸಿಬ್ಬಂದಿ ಇದ್ದರು, ಪೊಲೀಸರಿದ್ದರು, ಎಕ್ಸ್‌ಟಿಂಗ್ವಿಷರ್, ಅಂದರೆ ಬೆಂಕಿ ಆರಿಸುವ ಅದೇ ಸಿಲಿಂಡರ್ ಇತ್ತು, ಎಸ್ಕಲೇಟರ್ ಅಡಿಯಲ್ಲಿ ನೀರಿನ ಮಂಜು ಚಿಮ್ಮಿಸುವ ವ್ಯವಸ್ಥೆಯೂ ಇತ್ತು. ಆದರೂ ಹೀಗಾಯಿತು. ಈ ಪ್ರಕರಣ ನನ್ನನ್ನು ಬಿಡದೇ ಇರುವುದು ಅದಕ್ಕೇ.

ಆ ಜಾಗ ಹೇಗಿತ್ತು

ಕಿಂಗ್ಸ್ ಕ್ರಾಸ್ ಅಂದರೆ ಲಂಡನ್ ಅಂಡರ್‌ಗ್ರೌಂಡಿನಲ್ಲಿ, ಅಂದರೆ ಅಲ್ಲಿನ ನೆಲದಡಿಯ ರೈಲು ಜಾಲದಲ್ಲಿ, ಅತಿ ಹೆಚ್ಚು ಜನ ಓಡಾಡುವ ನಿಲ್ದಾಣಗಳಲ್ಲಿ ಒಂದು. ಹಲವು ಲೈನುಗಳು ಒಂದರ ಮೇಲೊಂದು, ಒಂದರ ಪಕ್ಕ ಒಂದು ಬಂದು ಸೇರುತ್ತವೆ. ನಮ್ಮ ಮೆಜೆಸ್ಟಿಕ್ ಮೆಟ್ರೋ ನಿಲ್ದಾಣದಲ್ಲಿ ಸಂಜೆ ಹೊತ್ತು ಲೈನ್ ಬದಲಾಯಿಸುವ ಜನಜಂಗುಳಿ ನೋಡಿದ್ದೀರಲ್ಲ, ಆ ಥರದ ಜಾಗ, ಆದರೆ ತುಂಬ ಹಳೆಯದು, ಇಕ್ಕಟ್ಟು. ಆಳದಲ್ಲಿರುವ ಪಿಕಡಿಲಿ ಲೈನಿನಿಂದ ಮೇಲಿನ ಟಿಕೆಟ್ ಹಾಲಿಗೆ ಬರಲು ಉದ್ದದ ಎಸ್ಕಲೇಟರುಗಳಿದ್ದವು. ಮೆಟ್ಟಿಲು ಮರದ್ದು. ಪಕ್ಕದ ಹಲಗೆಗಳೂ ಮರದ್ದೇ. ಎರಡನೇ ಮಹಾಯುದ್ಧ ಶುರುವಾಗುವ ಕಾಲದ ಯಂತ್ರಗಳು.

ಮೆಟ್ಟಿಲಿಗೂ ಪಕ್ಕದ ಹಲಗೆಗೂ ನಡುವೆ ಒಂದು ಸಂದು ಇತ್ತು. ಬೆಂಕಿಕಡ್ಡಿ ತೂರಿ ಹೋಗುವಷ್ಟು. ಸಂದಿನ ಕೆಳಗೆ ಎಸ್ಕಲೇಟರ್ ಓಡುವ ಹಳಿ, ಹಳಿಗೆ ಸವರಿದ ಗ್ರೀಸ್. ಆ ಗ್ರೀಸಿಗೆ ಹತ್ತಾರು ವರ್ಷಗಳಿಂದ ಧೂಳು, ಕೂದಲು, ಬಟ್ಟೆಯ ನಾರು, ಹರಿದ ಟಿಕೆಟ್ ಚೂರು ಎಲ್ಲ ಮೆತ್ತಿಕೊಂಡು ಒಂದು ದಪ್ಪ ಜಿಡ್ಡಿನ ಪದರ ಆಗಿತ್ತು. ಆ ಹಳಿಯನ್ನು ಹಾಕಿದಾಗಿನಿಂದ ಒಂದು ಸಲವೂ ಪೂರ್ತಿಯಾಗಿ ಸ್ವಚ್ಛ ಮಾಡಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಬರೀ ಗ್ರೀಸಿಗೆ ಕಡ್ಡಿ ಗೀರಿ ಹಾಕಿದರೆ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ. ಆದರೆ ನಾರು, ಕಾಗದ ಸೇರಿದರೆ ಅದು ದೀಪದ ಬತ್ತಿಯ ಹಾಗೆ ಕೆಲಸ ಮಾಡುತ್ತದೆ. ಬತ್ತಿ ಎಣ್ಣೆ ಹೀರಿಕೊಂಡು ಉರಿಯುವುದಿಲ್ಲವೇ, ಹಾಗೆ. ನಮ್ಮ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆ ಯಂತ್ರದ ಮೋಟರ್ ಸುತ್ತ ಎಣ್ಣೆಗೆ ಅಂಟಿಕೊಂಡ ದಾರದ ಜುಂಗು ಇರುತ್ತದಲ್ಲ, ಹೆಚ್ಚು ಕಡಿಮೆ ಅದೇ ಸರಕು.

ಸಿಗರೇಟು ನಿಷೇಧ ಇತ್ತು. 1984ರಲ್ಲಿ ರೈಲಿನೊಳಗೆ ನಿಷೇಧ ಬಂತು. ಅದೇ ವರ್ಷ ನವೆಂಬರ್‌ನಲ್ಲಿ ಆಕ್ಸ್‌ಫರ್ಡ್ ಸರ್ಕಸ್ ನಿಲ್ದಾಣದಲ್ಲಿ ದೊಡ್ಡ ಬೆಂಕಿ ಬಿತ್ತು, ಅದರ ನಂತರ 1985ರ ಫೆಬ್ರವರಿಯಿಂದ ನೆಲದಡಿಯ ನಿಲ್ದಾಣಗಳಲ್ಲೂ ನಿಷೇಧ ಆಯಿತು. ಆದರೆ ಜನ ಏನು ಮಾಡುತ್ತಿದ್ದರು ಅಂದರೆ, ರೈಲಿನಿಂದ ಇಳಿದು ಎಸ್ಕಲೇಟರ್ ಹತ್ತಿದ ಕೂಡಲೇ, ಇನ್ನೇನು ಹೊರಗೆ ಬಂದೇಬಿಟ್ಟೆವಲ್ಲ ಅಂತ, ಅಲ್ಲೇ ಹಚ್ಚಿಕೊಳ್ಳುತ್ತಿದ್ದರು. ಕಡ್ಡಿ ಮೆಟ್ಟಿಲ ಮೇಲೆ ಬೀಳುತ್ತಿತ್ತು.

ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆಗುವ ವಿಷಯ ಇದು. ಬೆಂಕಿ ಆರಿದ ಮೇಲೆ ತನಿಖೆಯವರು ಎಸ್ಕಲೇಟರ್ ಅಡಿ ಇಳಿದು ನೋಡಿದಾಗ, ಈ ಬೆಂಕಿಗೆ ಸಂಬಂಧವೇ ಇಲ್ಲದ ಹಳೆಯ ಸುಟ್ಟ ಗುರುತುಗಳು ಸಿಕ್ಕವು. ಒಂದೆರಡಲ್ಲ, 18 ಕಡೆ. ಅಂದರೆ ಅಷ್ಟು ಸಲ ಅಲ್ಲಿ ಬೆಂಕಿ ಹತ್ತಿತ್ತು, ತಾನಾಗೇ ಆರಿತ್ತು. ಹತ್ತೊಂಬತ್ತನೆಯ ಸಲ ಆರಲಿಲ್ಲ.

ಅಂಡರ್‌ಗ್ರೌಂಡಿನಲ್ಲಿ ಇಂಥ ಬೆಂಕಿಗಳಿಗೆ ಬೆಂಕಿ ಅನ್ನುವ ಹೆಸರೇ ಇರಲಿಲ್ಲ. "ಹೊಗೆಯಾಡುತ್ತಿದೆ" ಅನ್ನುವ ಅರ್ಥದ ಪದ ಬಳಸುತ್ತಿದ್ದರು. ಅದನ್ನು ಕೇಳಿದಾಗ ನನಗೆ ಮೈ ಝುಮ್ ಅಂದಿತ್ತು. ಯಾಕೆಂದರೆ ನಮ್ಮಲ್ಲೂ ಇದೇ ಮಾತು. "ಏನಿಲ್ಲ ಸಾರ್, ಸುಮ್ನೆ ಹೊಗೆ ಅಷ್ಟೇ. ಪ್ಯಾನಲ್ ಬೋರ್ಡಲ್ಲಿ ಸ್ವಲ್ಪ ವಾಸನೆ ಬಂತು, ಎಂಸಿಬಿ ಸ್ವಿಚ್ ಕೆಳಗೆ ಮಾಡಿ ಮೇಲೆ ಮಾಡಿದ್ವಿ, ಸರಿ ಹೋಯ್ತು." ಎಷ್ಟು ಕಡೆ ಕೇಳಿದ್ದೇನೆ ಅಂತ ಲೆಕ್ಕ ಇಲ್ಲ.

7:30ರಿಂದ 7:45

ಒಬ್ಬ ಪ್ರಯಾಣಿಕರು ಮೇಲೆ ಬಂದು ಟಿಕೆಟ್ ಕೌಂಟರಿನಲ್ಲಿ ಕೂತಿದ್ದವರಿಗೆ ಎಸ್ಕಲೇಟರಿನಲ್ಲಿ ಬೆಂಕಿ ಕಾಣುತ್ತಿದೆ ಅಂದರು. ಇನ್ನೂ ಕೆಲವರು ನೋಡಿದರು. ಸಿಬ್ಬಂದಿಗೆ ಸುದ್ದಿ ಹೋಯಿತು. ಪೊಲೀಸರು ಬಂದರು. ಬೆಂಕಿ ಹೌದು ಅಂತ ಖಚಿತ ಆದ ಮೇಲೆ ಒಬ್ಬ ಪೊಲೀಸ್ ಅಗ್ನಿಶಾಮಕ ದಳಕ್ಕೆ ಹೇಳಲು ಹೊರಟರು. ನೆಲದಡಿಯಲ್ಲಿ ಅವರ ರೇಡಿಯೋ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ರಸ್ತೆ ಮಟ್ಟಕ್ಕೆ ಹತ್ತಿ ಹೋಗಿ ಅಲ್ಲಿಂದ ಮಾತಾಡಬೇಕಾಯಿತು. ಆ ಓಟದಲ್ಲಿ ಹೋದ ಸಮಯವನ್ನು ಯೋಚಿಸಿ. ಅಗ್ನಿಶಾಮಕ ದಳದ ಗಾಡಿಗಳಿಗೆ ಹೊರಡಲು ಆದೇಶ ಹೋದದ್ದು 7:36ಕ್ಕೆ.

ಈ ಹೊತ್ತಲ್ಲಿ ನಿಲ್ದಾಣದ ಒಬ್ಬ ಇನ್‌ಸ್ಪೆಕ್ಟರ್ ಎಕ್ಸ್‌ಟಿಂಗ್ವಿಷರ್ ಹಿಡಿದು ಬೆಂಕಿಯ ಹತ್ತಿರ ಹೋಗಲು ನೋಡಿದರು. ಆಗಲಿಲ್ಲ. ಬೆಂಕಿ ಇದ್ದದ್ದು ಮೆಟ್ಟಿಲಿನ ಕೆಳಗೆ. ಮೇಲೆ ಕಾಣುತ್ತಿದ್ದದ್ದು ಸಂದಿನಿಂದ ಹೊರಗೆ ಇಣುಕುವ ಜ್ವಾಲೆ ಮಾತ್ರ. ಅದಕ್ಕೆ ಎಷ್ಟು ಹೊಡೆದರೂ ಬುಡಕ್ಕೆ ತಲುಪುವುದಿಲ್ಲ, ಬುಡ ಸಿಗುವಷ್ಟು ಹತ್ತಿರ ಹೋಗಲು ಬಿಸಿ ಬಿಡುವುದಿಲ್ಲ.

ನೀರಿನ ಮಂಜಿನ ವ್ಯವಸ್ಥೆ ಇತ್ತು ಅಂದೆನಲ್ಲ. ಅದು ಇದ್ದದ್ದೇ ಇಂಥ ಬೆಂಕಿಗೆ, ಮೆಟ್ಟಿಲಿನ ಅಡಿಯಲ್ಲೇ. ವಾಲ್ವ್ ತಿರುಗಿಸಿದರೆ ಸಾಕಿತ್ತು. ಯಾರೂ ತಿರುಗಿಸಲಿಲ್ಲ. ಅದನ್ನು ಬಳಸುವ ತರಬೇತಿಯನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಆ ಗಡಿಬಿಡಿಯಲ್ಲಿ ಅಂಥದ್ದೊಂದು ಇದೆ ಅನ್ನುವುದೇ ತಲೆಗೆ ಹೊಳೆಯಲಿಲ್ಲ. ನಾನು ಆ ಸಿಬ್ಬಂದಿಯನ್ನು ಬೈಯುವುದಿಲ್ಲ. ಕೈಯಿಂದ ಒಂದು ಸಲವೂ ತಿರುಗಿಸದ ವಾಲ್ವ್, ಹೊಗೆ ತುಂಬಿದ ಜಾಗದಲ್ಲಿ, ಜನ ಕೂಗುತ್ತಿರುವಾಗ ನೆನಪಾಗಬೇಕು ಅಂತ ಬಯಸುವುದೇ ತಪ್ಪು. ನೆನಪು ಇರುವುದು ಕೈಯಲ್ಲಿ, ಕಾಗದದಲ್ಲಿ ಅಲ್ಲ.

7:39ಕ್ಕೆ ನಿಲ್ದಾಣ ಖಾಲಿ ಮಾಡಿಸುವ ತೀರ್ಮಾನ ಆಯಿತು. ಕೆಳಗಿದ್ದವರನ್ನು ಪಕ್ಕದ ವಿಕ್ಟೋರಿಯಾ ಲೈನಿನ ಎಸ್ಕಲೇಟರ್ ಮೂಲಕ ಮೇಲಕ್ಕೆ ಕಳಿಸತೊಡಗಿದರು. ಆಗ ಅದು ಸರಿ ಅಂತಲೇ ಅನ್ನಿಸಿತ್ತು. ಉರಿಯುತ್ತಿರುವ ಎಸ್ಕಲೇಟರ್ ಬಿಟ್ಟು ಬೇರೆ ಎಸ್ಕಲೇಟರ್, ಅಲ್ವಾ? ಆದರೆ ಎರಡೂ ಎಸ್ಕಲೇಟರ್ ಮೇಲೆ ಬಂದು ಸೇರುವುದು ಅದೇ ಟಿಕೆಟ್ ಹಾಲಿಗೆ. ಜನರಿಗೆ ಹೇಳಲು ಧ್ವನಿವರ್ಧಕ ಇತ್ತು, ಅದನ್ನೂ ಬಳಸಲಿಲ್ಲ. ಕೆಳಗೆ ರೈಲುಗಳು ಬಂದು ನಿಲ್ಲುತ್ತಲೇ ಇದ್ದವು. ಮನೆಗೆ ಹೋಗುವ ಹೊತ್ತು. ಇಳಿದವರು ಏನಾಗಿದೆ ಅಂತ ಗೊತ್ತಿಲ್ಲದೆ ಮೇಲೆ ಬರುತ್ತಲೇ ಇದ್ದರು.

ಕೆಲವು ನಿಮಿಷದಲ್ಲಿ ಅಗ್ನಿಶಾಮಕ ದಳ ಬಂತು. ಸೋಹೋ ಠಾಣೆಯ ಸ್ಟೇಷನ್ ಆಫೀಸರ್ ಕಾಲಿನ್ ಟೌನ್ಸ್‌ಲಿ ಮತ್ತು ಜೊತೆಯವರು ಕೆಳಗಿಳಿದು ಎಸ್ಕಲೇಟರ್ ನೋಡಿದರು. ಅವರಿಗೆ ಕಂಡ ಬೆಂಕಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯಷ್ಟಿತ್ತು. ಉಸಿರಾಟದ ಉಪಕರಣ ಹಾಕಿಕೊಂಡವರು ಬಂದು ನೀರು ಹೊಡೆದರೆ ಆರುತ್ತದೆ ಅನ್ನುವ ಲೆಕ್ಕ. ಅನುಭವಸ್ಥರ ಲೆಕ್ಕ. ಬೇರೆ ಎಲ್ಲೇ ಆಗಿದ್ದರೂ ಆ ಲೆಕ್ಕ ಸರಿಯೇ ಇರುತ್ತಿತ್ತು.

7:45ಕ್ಕೆ ಬೆಂಕಿ ಎಸ್ಕಲೇಟರ್ ಸುರಂಗದಿಂದ ಚಿಮ್ಮಿ ಟಿಕೆಟ್ ಹಾಲಿನೊಳಗೆ ನುಗ್ಗಿತು. ಹಿಂದೆಯೇ ದಟ್ಟ ಕಪ್ಪು ಹೊಗೆ. ಹಾಲಿನಲ್ಲಿದ್ದವರಲ್ಲಿ ಬಹುತೇಕರು ಸತ್ತರು ಅಥವಾ ತೀವ್ರವಾಗಿ ಸುಟ್ಟುಕೊಂಡರು. ಟೌನ್ಸ್‌ಲಿ ಕೂಡ ಸತ್ತರು. ಒಬ್ಬ ಪ್ರಯಾಣಿಕ ಮಹಿಳೆಗೆ ಸಹಾಯ ಮಾಡಲು ನಿಂತಿದ್ದರು ಅಂತ ನಂಬಲಾಗಿದೆ. ಅವರ ಹತ್ತಿರ ಉಸಿರಾಟದ ಉಪಕರಣ ಇರಲಿಲ್ಲ.

ಕೆಳಗೆ ನೂರಾರು ಜನ ಸಿಕ್ಕಿಕೊಂಡರು. ಅವರಲ್ಲಿ ಹೆಚ್ಚಿನವರನ್ನು ವಿಕ್ಟೋರಿಯಾ ಲೈನಿನ ರೈಲುಗಳು ಹತ್ತಿಸಿಕೊಂಡು ಹೋದವು, ಹಾಗಾಗಿ ಬದುಕಿದರು. ತೀವ್ರವಾಗಿ ಗಾಯಗೊಂಡ ಒಬ್ಬರನ್ನು ಕರೆದುಕೊಂಡು ಪೊಲೀಸರು ಮಿಡ್‌ಲ್ಯಾಂಡ್ ಸಿಟಿ ಎಂಬ ಇನ್ನೊಂದು ರೈಲು ಮಾರ್ಗದ ಪ್ಲಾಟ್‌ಫಾರ್ಮ್ ಕಡೆಯಿಂದ ಹೊರಗೆ ಹೋಗಲು ನೋಡಿದರು. ಅಲ್ಲಿ ಗೇಟಿಗೆ ಬೀಗ. ಕೊನೆಗೆ ಅದನ್ನು ತೆರೆದವರು ಒಬ್ಬ ಕಸ ಗುಡಿಸುವ ಕೆಲಸಗಾರರು. ಕೀ ಇದ್ದದ್ದು ಅವರ ಹತ್ತಿರ.

ಬೆಂಕಿ ಪೂರ್ತಿ ಆರಿತು ಅಂತ ಘೋಷಿಸಿದ್ದು ನಡುರಾತ್ರಿ ದಾಟಿ 1:46ಕ್ಕೆ. ಸತ್ತವರಲ್ಲಿ ಒಬ್ಬರ ಗುರುತು ಸಿಕ್ಕಿದ್ದು 2004ರಲ್ಲಿ. ಅಲ್ಲಿಯವರೆಗೆ, 16 ವರ್ಷ, ಅವರು ಶವಾಗಾರದ ಒಂದು ನಂಬರ್ ಆಗಿ ಉಳಿದಿದ್ದರು.

ರಟ್ಟಿನ ಪೆಟ್ಟಿಗೆಯಷ್ಟು ಬೆಂಕಿ ಹೀಗೆ ಹೇಗೆ ಆಯಿತು

ಅನುಭವಸ್ಥ ಫೈರ್‌ಮನ್‌ಗಳ ಕಣ್ಣಿಗೂ ಮೋಸ ಆಯಿತು ಅಂದರೆ ಅದಕ್ಕೆ ಕಾರಣ ಇರಲೇಬೇಕು. ವಕೀಲ ಡೆಸ್ಮಂಡ್ ಫೆನೆಲ್ ಅವರ ಅಧ್ಯಕ್ಷತೆಯಲ್ಲಿ 1988ರ ಫೆಬ್ರವರಿಯಿಂದ ಜೂನ್ ತನಕ ಸಾರ್ವಜನಿಕ ವಿಚಾರಣೆ ನಡೆಯಿತು. ಮೊದಲಿಗೆ ಸುರಂಗದ ಚಾವಣಿಗೆ ವರ್ಷಗಳಿಂದ ಒಂದರ ಮೇಲೊಂದು ಬಳಿದ ಸುಮಾರು 20 ಪದರ ಬಣ್ಣದ ಮೇಲೆ ಅನುಮಾನ ಬಂತು. ಅದು ಹೊಗೆಯನ್ನು ಹೆಚ್ಚಿಸಿದ್ದು ನಿಜ. ಆದರೆ ಬೆಂಕಿ ಅಷ್ಟು ಜೋರಾಗಿ ಮೇಲಕ್ಕೆ ಚಿಮ್ಮಿದ್ದಕ್ಕೆ ಅದೊಂದೇ ಸಾಲದು.

ಹಾರ್‌ವೆಲ್ ಸಂಶೋಧನಾ ಕೇಂದ್ರದವರು ಕಂಪ್ಯೂಟರ್ ಲೆಕ್ಕ ಹಾಕಿದರು. ಬಂದ ಉತ್ತರ ಎಲ್ಲರಿಗೂ ವಿಚಿತ್ರವಾಗಿ ಕಂಡಿತು: ಜ್ವಾಲೆ ಮೇಲೆ ಏಳುವುದರ ಬದಲು ಮೆಟ್ಟಿಲಿಗೆ ಅಂಟಿಕೊಂಡು ಮಲಗಿ ಮೇಲಕ್ಕೆ ಓಡುತ್ತದೆ. ಬೆಂಕಿ ಅಂದರೆ ನೆಟ್ಟಗೆ ಮೇಲಕ್ಕೆ ಏಳುವುದಲ್ವಾ? ಎಷ್ಟೋ ಜನ ನಂಬಲಿಲ್ಲ. ಆಮೇಲೆ ಬಕ್ಸ್‌ಟನ್ ಎಂಬಲ್ಲಿ ಎಸ್ಕಲೇಟರಿನ ಮೂರನೇ ಒಂದರಷ್ಟು ಅಳತೆಯ ಮಾದರಿ ಕಟ್ಟಿ ಹಚ್ಚಿ ನೋಡಿದರು. ಜ್ವಾಲೆ ಮಲಗಿತು. ಮರದ ಹಲಗೆಗಳ ನಡುವಿನ, 30 ಡಿಗ್ರಿ ಓರೆಯಾದ ಆ ಕಾಲುವೆಯಲ್ಲಿ ಮೇಲಿನ ಮೆಟ್ಟಿಲುಗಳು ಕಾಯುತ್ತಾ ಹೋದವು, ಕಾದು ಕಾದು ಒಂದು ಗಳಿಗೆಯಲ್ಲಿ ಒಟ್ಟಿಗೆ ಹತ್ತಿಕೊಂಡವು, ಆಗ ಬೆಂಕಿ ಪಿಚಕಾರಿಯಿಂದ ಬಂದ ಹಾಗೆ ಹಾಲಿನೊಳಗೆ ನುಗ್ಗಿತು. ಇದಕ್ಕೆ ಟ್ರೆಂಚ್ ಎಫೆಕ್ಟ್ ಅಂತ ಹೆಸರಾಯಿತು. ಕಿಂಗ್ಸ್ ಕ್ರಾಸ್‌ಗೆ ಮೊದಲು ಅದು ಯಾರಿಗೂ ಗೊತ್ತಿರಲಿಲ್ಲ.

ನಾನು ತರಬೇತಿಯಲ್ಲಿ ಈ ವಿಜ್ಞಾನದ ಹತ್ತಿರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹೇಳಬೇಕಾದದ್ದು ಇಷ್ಟೇ. ನಿಮ್ಮ ಕಣ್ಣಿಗೆ ಕಾಣುವ ಜ್ವಾಲೆಯ ಗಾತ್ರ ನೋಡಿ "ಇದು ಚಿಕ್ಕದು" ಅನ್ನಬೇಡಿ. ಅದು ಎಲ್ಲಿ ಹುಟ್ಟಿದೆ ಅಂತ ನೋಡಿ.

ಬುಡ ಕಂಡರೆ ಮಾತ್ರ

ಎಕ್ಸ್‌ಟಿಂಗ್ವಿಷರ್ ಬಗ್ಗೆ ಗೊತ್ತಿರಬೇಕಾದ ಮೊದಲ ಸಂಗತಿ ಅದರ ಅಳತೆ. ಸಾಮಾನ್ಯವಾಗಿ ನಮ್ಮ ಆಫೀಸು, ಅಂಗಡಿಗಳಲ್ಲಿ ಇರುವುದು 4 ಅಥವಾ 6 ಕೆ.ಜಿ.ಯ ಎಬಿಸಿ ಪೌಡರ್ ಸಿಲಿಂಡರ್, ಅಂದರೆ ಮರ-ಬಟ್ಟೆ, ಎಣ್ಣೆ, ಗ್ಯಾಸ್ ಮೂರೂ ಥರದ ಬೆಂಕಿಗೆ ಆಗುವ ಪುಡಿ ತುಂಬಿದ್ದು. ಒತ್ತಿ ಹಿಡಿದರೆ 10ರಿಂದ 20 ಸೆಕೆಂಡಿನಲ್ಲಿ ಖಾಲಿ. ಇದನ್ನು ಹೇಳಿದಾಗ ಜನ ನಂಬುವುದಿಲ್ಲ. ಅಷ್ಟು ಭಾರ ಇದೆ, ಐದು ನಿಮಿಷವಾದರೂ ಬರುತ್ತದೆ ಅಂದುಕೊಂಡಿರುತ್ತಾರೆ. ಅದಕ್ಕೇ ನಾನು ಬಾಯಲ್ಲಿ ಹೇಳುವುದಿಲ್ಲ, ಕಾರ್ಖಾನೆಯ ಅಂಗಳದಲ್ಲಿ ಒಂದು ಕಬ್ಬಿಣದ ತಟ್ಟೆಗೆ ಡೀಸೆಲ್ ಸುರಿದು ಹಚ್ಚಿ, ಅವರ ಕೈಗೇ ಕೊಡುತ್ತೇನೆ.

ಮೊದಲನೆಯವರು ಬಂದು ಮಾಡುವ ತಪ್ಪು ಯಾವಾಗಲೂ ಒಂದೇ. ಗಾಬರಿಯಲ್ಲಿ ಹಿಡಿಕೆಯನ್ನು ಗಟ್ಟಿಯಾಗಿ ಒತ್ತಿಕೊಂಡೇ ಪಿನ್ ಎಳೆಯುತ್ತಾರೆ. ಒತ್ತಿದರೆ ಪಿನ್ ಬಿಗಿಯಾಗುತ್ತದೆ, ಬರುವುದಿಲ್ಲ. ಇನ್ನೂ ಜೋರಾಗಿ ಒತ್ತುತ್ತಾರೆ, ಇನ್ನೂ ಬರುವುದಿಲ್ಲ. ಸಿಲಿಂಡರ್ ನೆಲಕ್ಕಿಟ್ಟು, ಹಿಡಿಕೆಯಿಂದ ಕೈ ಸಡಿಲ ಬಿಟ್ಟು, ಪಿನ್ನನ್ನು ಒಂದು ಸುತ್ತು ತಿರುಗಿಸಿ ಎಳೆದರೆ ಪ್ಲಾಸ್ಟಿಕ್ ಸೀಲ್ ಟಕ್ ಅಂತ ಮುರಿದು ಸಲೀಸಾಗಿ ಬರುತ್ತದೆ. ಇದು ಒಂದು ಸಲ ಕೈಗೆ ಗೊತ್ತಾದರೆ ಸಾಕು, ಮರೆಯುವುದಿಲ್ಲ.

ಎರಡನೆಯ ತಪ್ಪು, ಜ್ವಾಲೆಯ ಮೇಲ್ಗಡೆ ಹೊಡೆಯುವುದು. ಬಿಳಿ ಪೌಡರ್ ಮೋಡದ ಹಾಗೆ ಎದ್ದು ನೋಡುವುದಕ್ಕೆ ಬೆಂಕಿ ಆರಿದ ಹಾಗೇ ಕಾಣುತ್ತದೆ. ಮೋಡ ಸರಿದರೆ ಬೆಂಕಿ ಅಲ್ಲೇ ಇರುತ್ತದೆ. ಎರಡು ಮೀಟರಿನಷ್ಟು ದೂರ ನಿಂತು, ಗಾಳಿ ಬೆನ್ನ ಕಡೆಯಿಂದ ಬರುವ ಹಾಗೆ ನೋಡಿಕೊಂಡು, ಉರಿಯುತ್ತಿರುವ ವಸ್ತು ಮತ್ತು ಜ್ವಾಲೆ ಸೇರುವ ಗೆರೆಗೆ, ಅಂದರೆ ಬುಡಕ್ಕೆ, ಮೂತಿ ಹಿಡಿದು ಈ ಬದಿಯಿಂದ ಆ ಬದಿಗೆ ಗುಡಿಸಿದ ಹಾಗೆ ಹೊಡೆಯಬೇಕು. ಆರಿದ ಮೇಲೂ ಬೆನ್ನು ತಿರುಗಿಸಿ ಬರಬಾರದು, ಬೆಂಕಿಯನ್ನು ನೋಡುತ್ತಲೇ ಹಿಂದೆ ಹಿಂದೆ ಸರಿಯಬೇಕು. ಡೀಸೆಲ್ ಮತ್ತೆ ಹತ್ತಿಕೊಳ್ಳುವುದನ್ನು ಒಂದು ಸಲ ನೋಡಿದವರು ಬೆನ್ನು ತಿರುಗಿಸುವುದಿಲ್ಲ.

ಯಾವ ಬೆಂಕಿಗೆ ಯಾವ ಸಿಲಿಂಡರ್ ಅನ್ನುವುದೂ ಗೊತ್ತಿರಬೇಕು, ಆದರೆ ಅದನ್ನು ಉದ್ದ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದರಲ್ಲಿ ನನಗೆ ನಂಬಿಕೆ ಇಲ್ಲ. ಕರೆಂಟ್ ಇರುವ ಕಡೆ ನೀರು ಬೇಡ. ಕಾದ ಎಣ್ಣೆಗೆ ನೀರು ಯಾವತ್ತೂ ಬೇಡ, ಕ್ಯಾಂಟೀನ್ ಬಾಣಲೆಗೆ ಒಂದು ಚೊಂಬು ನೀರು ಹಾಕಿದರೆ ಬೆಂಕಿ ಚಾವಣಿ ಮುಟ್ಟುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಪ್ಯಾನಲ್ ಬೋರ್ಡಿಗೆ, ಕಂಪ್ಯೂಟರಿಗೆ ಒಳ್ಳೆಯದು, ಆದರೆ ಅದರ ಕಪ್ಪು ಕೊಳವೆಯ ಬಾಯನ್ನು ಬರಿಗೈಲಿ ಹಿಡಿಯಬೇಡಿ, ಹಿಮದಷ್ಟು ತಣ್ಣಗಾಗಿ ಚರ್ಮ ಸುಡುತ್ತದೆ. ಮರ, ಬಟ್ಟೆ, ಕಾಗದಕ್ಕೆ ಅದು ಸಾಲದು, ಜ್ವಾಲೆ ಹೋಗುತ್ತದೆ, ಒಳಗಿನ ಕೆಂಡ ಉಳಿಯುತ್ತದೆ. ಪೌಡರ್ ಸಿಲಿಂಡರಿನ ಗೇಜ್ ಮುಳ್ಳು ಹಸಿರಿನಲ್ಲಿದೆಯಾ ನೋಡಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಗೇಜ್ ಇರುವುದಿಲ್ಲ, ಅದನ್ನು ತೂಕ ಮಾಡಿಯೇ ತಿಳಿಯಬೇಕು. ಎಷ್ಟೋ ಕಡೆ ಸರ್ವಿಸ್ ಚೀಟಿಯಲ್ಲಿ ತಾರೀಕು ಹೊಸದಿರುತ್ತದೆ, ಸಿಲಿಂಡರ್ ಎತ್ತಿದರೆ ಹಗುರ. ದಯವಿಟ್ಟು ಎತ್ತಿ ನೋಡಿ.

ಇಷ್ಟೆಲ್ಲ ಕಲಿಸಿದ ಮೇಲೆ ಮತ್ತೆ ಕಿಂಗ್ಸ್ ಕ್ರಾಸ್‌ಗೆ ಬರುತ್ತೇನೆ. ಇದೆಲ್ಲ ಗೊತ್ತಿದ್ದವರೊಬ್ಬರು, ಒಳ್ಳೆಯ ಸಿಲಿಂಡರ್ ಹಿಡಿದು, ಆ ಎಸ್ಕಲೇಟರ್ ಮುಂದೆ ನಿಂತಿದ್ದರೆ ಆಗುತ್ತಿತ್ತಾ? ಆಗುತ್ತಿರಲಿಲ್ಲ. ಬುಡ ಮೆಟ್ಟಿಲಿನ ಅಡಿಗಿತ್ತು. ಅವರು ಸರಿಯಾಗಿ ಗುರಿ ಇಟ್ಟರೂ ಪೌಡರ್ ಬೀಳುವುದು ಮರದ ಮೇಲೆ. ಅಲ್ಲಿ ಮಾಡಬೇಕಿದ್ದ ಕೆಲಸ ಬೇರೆ: ವಾಲ್ವ್ ತಿರುಗಿಸುವುದು, ಕೂಡಲೇ ಫೈರ್ ಬ್ರಿಗೇಡ್ ಕರೆಯುವುದು, ರೈಲು ನಿಲ್ಲಿಸದೆ ಮುಂದೆ ಕಳಿಸಲು ಹೇಳುವುದು, ಜನರನ್ನು ಟಿಕೆಟ್ ಹಾಲಿಗೆ ತರದೆ ಬೇರೆ ದಾರಿಯಲ್ಲಿ ಕಳಿಸುವುದು. ಸಿಲಿಂಡರ್ ಕೈಯಲ್ಲಿದೆ ಅನ್ನುವ ಕಾರಣಕ್ಕೇ ನಾವು ಸಿಲಿಂಡರಿನಿಂದ ಆರುವ ಬೆಂಕಿ ಅದು ಅಂತ ಅಂದುಕೊಳ್ಳುತ್ತೇವೆ.

ನಮ್ಮಲ್ಲಿ ಬುಡ ಕಾಣದ ಬೆಂಕಿಗಳು ಎಲ್ಲಿರುತ್ತವೆ? ಫಾಲ್ಸ್ ಸೀಲಿಂಗ್ ಮೇಲೆ. ಕೇಬಲ್ ಹೋಗುವ ನೆಲದ ಕಾಲುವೆಯಲ್ಲಿ. ಅಂತಸ್ತಿನಿಂದ ಅಂತಸ್ತಿಗೆ ಏರುವ ಕರೆಂಟ್ ಡಕ್ಟ್ ಒಳಗೆ. ಬಟ್ಟೆ ಗಂಟುಗಳ ರಾಶಿಯ ನಡುವೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತದ್ದು ನೆನಪಿದೆಯಲ್ಲ. ಅಲ್ಲೂ ಬೆಂಕಿ ಹುಟ್ಟಿದ್ದು ಕರೆಂಟ್ ಡಕ್ಟಿನಲ್ಲಿ. ಜನ ಕೆಲಸ ಮಾಡುತ್ತಿದ್ದ ಅಂತಸ್ತುಗಳಿಗೆ ಬಂದದ್ದು ಹೊಗೆ. ಉಸಿರು ಕಟ್ಟಿ ಕೆಲವರು ಕಿಟಕಿಯಿಂದ ಹಾರಿದರು. ಡಕ್ಟ್ ಬಾಗಿಲ ಸಂದಿನಿಂದ ಹೊಗೆ ಬರುವಾಗ ಮುಂದೆ ನಿಂತು ಸಿಲಿಂಡರ್ ಹೊಡೆಯುವುದು ವ್ಯರ್ಥ. ಮೇನ್ ಸ್ವಿಚ್ ಆಫ್ ಮಾಡಿ, ಬೆಲ್ ಒತ್ತಿ, 101 ಅಥವಾ 112ಕ್ಕೆ ಫೋನ್ ಮಾಡಿ, ಎಲ್ಲರನ್ನೂ ಹೊಗೆ ಇಲ್ಲದ ಮೆಟ್ಟಿಲಿನಿಂದ ಇಳಿಸಬೇಕು.

ಹಾಗಂತ ಸಿಲಿಂಡರ್ ಬೇಡ ಅನ್ನುತ್ತಿಲ್ಲ. ಕಸದ ಬುಟ್ಟಿಯಲ್ಲಿ, ಟೇಬಲ್ ಮೇಲಿನ ಚಾರ್ಜರಿನಲ್ಲಿ, ವೆಲ್ಡಿಂಗ್ ಕಿಡಿ ಬಿದ್ದ ಗೋಣಿಚೀಲದಲ್ಲಿ ಹುಟ್ಟಿದ ಬೆಂಕಿ ಮೊದಲ ನಿಮಿಷದಲ್ಲಿ ಸಿಲಿಂಡರಿನಿಂದಲೇ ಆರಬೇಕು, ಆರುತ್ತದೆ ಕೂಡ. ನಾನು ಕೇಳುವುದು ಮೂರೇ ಮಾತು. ಬುಡ ಕಾಣುತ್ತಿದೆಯಾ? ನನ್ನ ಬೆನ್ನ ಹಿಂದೆ ಹೊರಗೆ ಹೋಗುವ ದಾರಿ ಇದೆಯಾ? ಯಾರಾದರೂ ಫೋನ್ ಮಾಡುತ್ತಿದ್ದಾರಾ? ಮೂರಕ್ಕೂ ಹೌದು ಅಂದರೆ ಒಂದು ಸಿಲಿಂಡರ್ ಹೊಡೆಯಿರಿ. ಒಂದು ಖಾಲಿಯಾಗಿಯೂ ಆರದಿದ್ದರೆ ಬಾಗಿಲು ಎಳೆದುಕೊಂಡು ಹೊರಗೆ ಬನ್ನಿ. ಎರಡನೆಯದನ್ನು ಹುಡುಕುತ್ತಾ ಹೋಗಿ ಹೊಗೆಯಲ್ಲಿ ಸಿಕ್ಕಿಕೊಂಡವರ ಕಥೆಗಳು ನನ್ನ ಕಸುಬಿನಲ್ಲಿ ಬೇಕಾದಷ್ಟಿವೆ.

ಯಾರು ಏನು ಮಾಡಿರಲಿಲ್ಲ

ಫೋನ್ ವಿಷಯಕ್ಕೆ ಇನ್ನೊಂದು ಮಾತು ಸೇರಿಸಲೇಬೇಕು. 1985ರಲ್ಲೇ ಲಂಡನ್ ಅಗ್ನಿಶಾಮಕ ದಳ ಅಂಡರ್‌ಗ್ರೌಂಡಿಗೆ ಪತ್ರ ಬರೆದಿತ್ತು. ಬೆಂಕಿಯ ಅನುಮಾನ ಬಂದರೂ ಸಾಕು, ತಡ ಮಾಡದೆ ನಮ್ಮನ್ನು ಕರೆಯಿರಿ, ಸಿಬ್ಬಂದಿಗೆ ಹಾಗಂತ ಸ್ಪಷ್ಟವಾಗಿ ಹೇಳಿ ಅಂತ. ಆದರೆ ಕೆಲಸದ ರೂಢಿ ಹಾಗೇ ಉಳಿಯಿತು: ಮೊದಲು ನಾವೇ ನೋಡೋಣ, ಕೈ ಮೀರಿದರೆ ಕರೆಯೋಣ. ಹಿಂದೆ ಇಂಥ ಬೆಂಕಿಗಳಲ್ಲಿ ಯಾರೂ ಸತ್ತಿರಲಿಲ್ಲ, ಹಾಗಾಗಿ ಇನ್ನು ಮುಂದೆಯೂ ಸಾಯುವುದಿಲ್ಲ ಅನ್ನುವ ಲೆಕ್ಕ. ಚಾವಣಿಯ ಹಳೆಯ ಬಣ್ಣ ತೆಗೆಸಬೇಕು ಅಂತ ಕೆಲವು ವರ್ಷ ಮೊದಲು ಒಳಗಿನವರೇ ಒಬ್ಬ ನಿರ್ದೇಶಕರು ಹೇಳಿದ್ದರು. ಅದು ನಿಮ್ಮ ವಿಭಾಗದ ವಿಷಯ ಅಲ್ಲ ಎಂದು ಅಲ್ಲಿಗೇ ಬಿಟ್ಟರು.

ಇದನ್ನು ಓದಿದಾಗ ನನಗೆ ಸಿಟ್ಟು ಬರುತ್ತದೆ, ಈಗಲೂ. ನಾನು ಹೋಗುವ ಕಾರ್ಖಾನೆಗಳಲ್ಲೂ ಇದೇ. ಕಸ ಹೌಸ್‌ಕೀಪಿಂಗ್‌ನವರದ್ದು, ಗ್ರೀಸ್ ಮೇಂಟೆನೆನ್ಸ್‌ನವರದ್ದು, ಸಿಲಿಂಡರ್ ಸೇಫ್ಟಿಯವರದ್ದು, ಹಿಂಬಾಗಿಲ ಕೀ ಸೆಕ್ಯುರಿಟಿಯವರದ್ದು. ಬೆಂಕಿ ಮಾತ್ರ ಯಾರದ್ದೂ ಅಲ್ಲ. ಒಂದು ಕಡೆ ಹಿಂಬಾಗಿಲ ಬೀಗದ ಕೀ ಯಾರ ಹತ್ತಿರ ಇದೆ ಅಂತ ಕೇಳಿದೆ. ಮೂವರು ಮೂರು ಹೆಸರು ಹೇಳಿದರು. ಆ ಮೂರರಲ್ಲಿ ಒಬ್ಬರು ಅವತ್ತು ರಜೆಯಲ್ಲಿದ್ದರು.

ಫೆನೆಲ್ ವರದಿ 1988ರ ನವೆಂಬರ್‌ನಲ್ಲಿ ಬಂತು, 157 ಶಿಫಾರಸುಗಳೊಂದಿಗೆ. ಲಂಡನ್ನಿನ ಸಾರಿಗೆ ನೋಡಿಕೊಳ್ಳುತ್ತಿದ್ದ ಲಂಡನ್ ರೀಜನಲ್ ಟ್ರಾನ್ಸ್‌ಪೋರ್ಟ್ ಮತ್ತು ಅಂಡರ್‌ಗ್ರೌಂಡ್, ಈ ಎರಡು ಸಂಸ್ಥೆಗಳ ಮುಖ್ಯಸ್ಥರಿಬ್ಬರೂ ರಾಜೀನಾಮೆ ಕೊಟ್ಟರು. 1989ರಲ್ಲಿ ನೆಲದಡಿಯ ನಿಲ್ದಾಣಗಳಿಗಾಗಿಯೇ ಹೊಸ ಅಗ್ನಿ ನಿಯಮಗಳು ಬಂದವು. ಮರದ ಎಸ್ಕಲೇಟರುಗಳನ್ನು ಒಂದೊಂದಾಗಿ ತೆಗೆದರು. ಕೊನೆಯದು, ಗ್ರೀನ್‌ಫರ್ಡ್ ನಿಲ್ದಾಣದ್ದು, ಸೇವೆಯಿಂದ ಹೋದದ್ದು 2014ರಲ್ಲಿ.

ಹೋದ ಸಲ ಒಂದು ಗಾರ್ಮೆಂಟ್ಸ್ ಘಟಕದಲ್ಲಿ ಮಾಕ್ ಡ್ರಿಲ್ ಮಾಡಿಸಿದೆ. ಯಾರಿಗೂ ಹೇಳದೆ ಪ್ಯಾಕಿಂಗ್ ವಿಭಾಗದ ಫಾಲ್ಸ್ ಸೀಲಿಂಗ್ ಸಂದಿನಿಂದ ಹೊಗೆ ಯಂತ್ರದ ಹೊಗೆ ಬಿಡಿಸಿದೆ. ಹಿಂದಿನ ವಾರ ಡೀಸೆಲ್ ತಟ್ಟೆಯ ಬೆಂಕಿಯನ್ನು ಎಲ್ಲರಿಗಿಂತ ಬೇಗ ಆರಿಸಿದ್ದ ಹೆಣ್ಣುಮಗಳೊಬ್ಬರು ಮೊದಲು ನೋಡಿದರು. ಓಡಿ ಬಂದು ಸಿಲಿಂಡರ್ ಎತ್ತಿಕೊಂಡರು, ಪಿನ್ ಎಳೆದರು, ಮೂತಿ ಮೇಲೆ ಮಾಡಿದರು. ಅಲ್ಲೇ ನಿಂತರು. ಒಂದೆರಡು ಸೆಕೆಂಡ್ ಸೀಲಿಂಗನ್ನೇ ನೋಡಿದರು. ಆಮೇಲೆ ಸಿಲಿಂಡರನ್ನು ಕೆಳಗಿಟ್ಟು, ಗೋಡೆಯ ಬೆಲ್ ಗಾಜಿಗೆ ಮೊಣಕೈಯಿಂದ ಹೊಡೆದು, ಹಿಂದಕ್ಕೆ ತಿರುಗಿ ಕೂಗಿದರು: "ಅಕ್ಕ, ಮಷಿನ್ ಬಿಟ್ಟು ಏಳ್ರೀ ಎಲ್ಲಾರೂ. ಇದು ಮೇಲ್ಗಡೆ ಐತೆ, ಬುಡ ಕಾಣಾಕಿಲ್ಲ."